ಬ್ಯಾಂಕಾಕಿನಲ್ಲಿ ರೂಪಾಯಿ ಒತ್ತಿದ್ದು

ಲೆಕ್ಕ ಇಡುವವರಿಗೆ ನಷ್ಟವಾಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ಆಗುತ್ತದೆ, ಎಷ್ಟಾಯಿತೆಂದು ಪೈಸೆಯವರೆಗೆ ಗೊತ್ತಿರುತ್ತದೆ, ಅಷ್ಟೇ. ನಾನು ದಿನಚರಿ ಬರೆಯುವವನು. ನಮ್ಮ ರೋಣದ ಮನೆಗೆ ನೆಂಟರು ಬಂದ ದಿನಾಂಕ, ಅವರು ಹೋಗುತ್ತೇನೆಂದು ಹೇಳಿದ ದಿನಾಂಕ, ನಿಜವಾಗಿ ಹೋದ ದಿನಾಂಕ ಎಲ್ಲವೂ ನನ್ನ ಬಳಿ ಸಿಗುತ್ತವೆ. ಇದರಿಂದ ಯಾರಿಗೂ ಉಪಕಾರವಾಗಿಲ್ಲ. ನೆಂಟರು ಕಡಿಮೆಯಾಗಿದ್ದಾರೆ.

ಕಳೆದ ವರ್ಷ ನಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ವ್ಯಾಪಾರ ಚೆನ್ನಾಗಿ ಆಯಿತೆಂದು ಕಂಪನಿಯೊಂದು ನಮ್ಮ ಮನೆಯ ಇಬ್ಬರನ್ನು ಬ್ಯಾಂಕಾಕಿಗೆ ಕರೆದೊಯ್ದಿತು. "ಗಾಳ್ಯಾಗ ಕುಂತು ಹೋಗೂದು ನನ್ನ ಕಡಿಂದ ಆಗೂದಿಲ್ಲ" ಎಂದು ಅಪ್ಪ ಕೈಬಿಟ್ಟಿದ್ದರಿಂದ ನಾನು, ಅವ್ವ ಹೊರಟೆವು. ಕಂಪನಿಯ ಊಟದ ವಾಸನೆ ಅವ್ವನಿಗೆ ಒಗ್ಗಲಿಲ್ಲ. ಸ್ವಂತ ಖರ್ಚಿನಲ್ಲಿ ದಿನಾ ಒಂದೇ ಸಸ್ಯಾಹಾರಿ ಹೋಟೆಲಿನಲ್ಲಿ ಉಂಡೆವು. ಕಾರ್ಡು ಕೊಟ್ಟಾಗಲೆಲ್ಲ ಯಂತ್ರ ಕೇಳುತ್ತಿತ್ತು: ಅಲ್ಲಿಯ ಹಣವಾದ ಬಾತ್‌ನಲ್ಲಿ ಕೊಡುವಿರೋ, ರೂಪಾಯಿಯಲ್ಲೋ? ಪರದೇಶದ ಯಂತ್ರ ನಮ್ಮ ರೂಪಾಯಿಯನ್ನು ಹೆಸರು ಹಿಡಿದು ವಿಚಾರಿಸಿತಲ್ಲ ಎಂದು ನನಗೆ ಅಭಿಮಾನ. ಅದಕ್ಕಿಂತ ದೊಡ್ಡ ಕಾರಣವೆಂದರೆ, ರೂಪಾಯಿ ಒತ್ತಿದರೆ ಅಂಕಿ ನೇರವಾಗಿ ದಿನಚರಿಗೆ ಇಳಿಯುತ್ತಿತ್ತು, ಗುಣಿಸುವ ಗೋಜಿರಲಿಲ್ಲ. ಊಟಕ್ಕೆ, ಸೀರೆಗೆ, ಅಪ್ಪನ ವಾಚಿಗೆ, ಎಲ್ಲಕ್ಕೂ ರೂಪಾಯಿಯನ್ನೇ ಒತ್ತಿದೆ. ಒಮ್ಮೆ ಮಾತ್ರ ಹೋಟೆಲಿನ ಹುಡುಗಿ ನನ್ನನ್ನು ಕೇಳದೆ ಬಾತ್ ಒತ್ತಿಬಿಟ್ಟಳು. ಅಂದಿನ ಬರವಣಿಗೆ ಕೆಟ್ಟಿತೆಂದು ನಾನು ಸಂಜೆಯವರೆಗೆ ಮುಖ ಗಂಟಿಕ್ಕಿಕೊಂಡಿದ್ದೆ.

ಕೊನೆಯ ದಿನ ಜೊತೆಗೆ ಬಂದಿದ್ದ ಅಂಗಡಿಕಾರರೆಲ್ಲ ಊರ ನಡುವಿನ ನದಿಯಲ್ಲಿ ದೋಣಿ ಹತ್ತಲು ಹೊರಟರು. ಟಿಕೀಟು ಅವರವರದೇ. ಅವ್ವನ ತವರು ಮಲಪ್ರಭೆಯ ಪಕ್ಕದ ಮೆಣಸಗಿ.

"ನಮ್ಮೂರಾಗ ಹೊಳಿ ತಾನ ಮನಿಗೆ ಬರತಿತ್ತೋ ತಮ್ಮಾ," ಎಂದಳು. "ಒಮ್ಮೆರ ನಾವ ಹೊಳಿಗೆ ಹೋಗಿ ಬರೂಣು."

"ಖರ್ಚಿಗೆ ಇಟ್ಟಿದ್ದ ರೊಕ್ಕ ಮುಗದೈತಿ ಬೇ."

"ನಂದೊಂದ ಟಿಕೀಟು ತಗಿ."

ನಾನೇ ಹಾಕಿಕೊಂಡ ಮಿತಿ, ನಾನೇ ದಾಟಲಿಲ್ಲ. "ಬಿಡು, ನೀರು ಇಲ್ಲಿಂದನೂ ಕಾಣಸ್ತೈತಿ" ಎಂದು ಅವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಳು. ನರಗುಂದದ ಅಂಗಡಿಕಾರರ ಹೆಂಡತಿ ದೋಣಿಯಿಂದ ಕೈ ಬೀಸಿದರು. ಅವ್ವನೂ ಬೀಸಿದಳು.

ಊರಿಗೆ ಬಂದು ಬ್ಯಾಂಕಿನ ಲೆಕ್ಕ ತಾಳೆ ನೋಡುವಾಗ ಒಂದು ವಿಚಿತ್ರ ಕಂಡಿತು. ಅದೇ ಹೋಟೆಲು, ಅದೇ ಊಟ, ಅದೇ ಬೆಲೆ. ಆದರೆ ಆ ಹುಡುಗಿ ಬಾತ್ ಒತ್ತಿದ ದಿನದ ಊಟವೇ ಎಲ್ಲಕ್ಕಿಂತ ಅಗ್ಗ. ವಿಚಾರಿಸಿದಾಗ ತಿಳಿಯಿತು: ರೂಪಾಯಿ ಒತ್ತಿದರೆ ಅಂಗಡಿಯ ಯಂತ್ರವೇ ತನಗೆ ಬೇಕಾದ ವಿನಿಮಯ ದರ ಹಾಕಿ, ನಡುವೆ ತನ್ನ ಪಾಲು ತೆಗೆದುಕೊಳ್ಳುತ್ತದೆ. ಆ ದೇಶದ ಹಣವನ್ನೇ ಒತ್ತಿದರೆ ಲೆಕ್ಕ ನಮ್ಮ ಬ್ಯಾಂಕಿಗೆ ಬರುತ್ತದೆ, ಸಾಮಾನ್ಯವಾಗಿ ಕಡಿಮೆಗೇ ಮುಗಿಯುತ್ತದೆ. ನಾನು ಹೆಚ್ಚಿಗೆ ತೆತ್ತದ್ದನ್ನೆಲ್ಲ ಕೂಡಿಸಿದೆ. ದೋಣಿಯ ಒಂದು ಟಿಕೀಟು ಬಂದು ಚಿಲ್ಲರೆಯೂ ಉಳಿಯುತ್ತಿತ್ತು.

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಲೆಕ್ಕ ಪೂರ್ತಿಯಾಗಬೇಕೆಂದು ಅವ್ವನಿಗೂ ಒಪ್ಪಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಂದ್ರ ಆ ರೊಕ್ಕದಾಗ ನಾ ದೋಣ್ಯಾಗ ಕುಂದ್ರತಿದ್ನಿ?"

"ಹೂಂ."

"ಇದನ್ನ ಹೇಳಾಕ ಬಂದ್ಯಾ?" ಎಂದು ಮತ್ತೆ ಬಡಿಯತೊಡಗಿದಳು.

ಮೊನ್ನೆ ಗಜೇಂದ್ರಗಡದಿಂದ ಚಿಗವ್ವ ಬಂದಿದ್ದಳು. ಅವ್ವ ತಂಗಿಗೆ ಪ್ರವಾಸದ ಕಥೆ ಹೇಳುತ್ತಿದ್ದಳು. "ದೋಣಿ ಅಂದ್ರ ನಮ್ಮ ಬಸ್‌ಸ್ಟ್ಯಾಂಡ್‌ನಷ್ಟ ದೊಡ್ಡದು. ಮ್ಯಾಲ ಕುಂತ್ರ ಏನ ಗಾಳಿ ಅಂತಿ."

ಚಿಗವ್ವ ನನ್ನತ್ತ ತಿರುಗಿದಳು. "ಖರೇನೋ? ನೀ ಎಲ್ಲಾ ಬರದಿಟ್ಟಿರತಿ, ಹೇಳು."

ಅವ್ವ ಚಹಾದ ಬಟ್ಟಲನ್ನೇ ನೋಡುತ್ತಿದ್ದಳು. ಜನ್ಮದಲ್ಲಿ ಯಾರ ತಪ್ಪನ್ನೂ ತಿದ್ದದೆ ಬಿಟ್ಟವನಲ್ಲ ನಾನು. "ಬಸ್‌ಸ್ಟ್ಯಾಂಡಿಗಿಂತ ದೊಡ್ಡದಿತ್ತು ಚಿಗವ್ವ," ಎಂದೆ. ಮಾತು ನಂಬುವಂತಿರಲಿ ಎಂದು ಇನ್ನಷ್ಟು ಸೇರಿಸಿದೆ: "ನನಗಂತೂ ತಲಿ ತಿರಗಿತು. ಅವ್ವ ನನ್ನ ಕೈ ಹಿಡದು ಕುಂದ್ರಿಸಿದ್ಲು."

ಅವ್ವ ತಲೆಯೆತ್ತಿದಳು.

"ಇಂವ ಎಲ್ಲಿ ಬಂದಿದ್ದ?" ಎಂದು ತಂಗಿಗೆ ಹೇಳಿದಳು. "ಹೊಳಿ ದಂಡಿಮ್ಯಾಲೆ ಕುಂತು ಲೆಕ್ಕಾ ಬರಿಯಾಕತ್ತಿದ್ದ. ನಾ ಒಬ್ಬಾಕೀನ ಹೋಗಿದ್ನಿ."