ಕಾಲುವೆ ಆಟಕ್ಕೆ ಬಂದ ತಕರಾರುಗಳು

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ. ನಮ್ಮ ಸಿಂಧನೂರು ಸೀಮೆಯವರು ಹಲ್ಲಿಗೇ ಬಿಡುವವರಲ್ಲ, ಎಮ್ಮೆ ಯಾಕೆ ಇಷ್ಟು ಕಪ್ಪಗಿದೆ ಎಂದೂ ಕೇಳುತ್ತಾರೆ. ಪುಕ್ಕಟೆ ಆಟವೊಂದನ್ನು ಮಾಡಿ ಇಂಟರ್‌ನೆಟ್ಟಿಗೆ ಹಾಕಿದ ಮೇಲೆ ವಾರಕ್ಕೊಂದಾದರೂ ಇಂಥ ಪ್ರಸಂಗ ನನಗೆ ತಪ್ಪಿದ್ದಲ್ಲ.

ನಾನು ಊರಲ್ಲಿ ಕಂಪ್ಯೂಟರ್ ಕಲಿಸುವವನು. ಆಟ ಸರಳ. ಒಂದು ಕಾಲುವೆ, ನಾಲ್ಕು ಗದ್ದೆ, ನಾಲ್ಕು ಜನ ಆಟಗಾರರು. ಯಾರಿಗೆ ಯಾವ ಗದ್ದೆ ಎಂದು ಕಂಪ್ಯೂಟರೇ ಚೀಟಿ ಎತ್ತುತ್ತದೆ. ನೀರು ಬಂದಾಗ ಗೇಟು ತೆರೆದು ಗದ್ದೆ ನೆನೆಸಬೇಕು, ಬೆಳೆ ಒಣಗಿದರೆ ಸೋತಂತೆ. ಮೇಲಿನವರ ಗದ್ದೆ ನೆನೆದ ಕೂಡಲೇ ಅವರ ಗೇಟು ತಾನಾಗಿ ಮುಚ್ಚಿ, ನೀರು ಕೆಳಗಿನವರಿಗೆ ಇಳಿಯುತ್ತದೆ. ಆಡುವುದಕ್ಕೆ ಬ್ರೌಸರ್ ಒಂದಿದ್ದರೆ ಸಾಕು. ಕೆಳಗಡೆ ಅಭಿಪ್ರಾಯ ಬರೆಯಲು ಒಂದು ಪೆಟ್ಟಿಗೆ ಇಟ್ಟೆ. ಆ ಪೆಟ್ಟಿಗೆಯೇ ನನಗೆ ಮುಳುವಾಯಿತು.

ಬಂದದ್ದೆಲ್ಲ ಬರೀ ತಕರಾರು. ನನ್ನ ಹೆಂಡತಿ, "ಯಾರು ಕೇಳಿದ್ರು ನಿಮಗ ಈ ಆಟ?" ಎಂದಳು. ನನಗೂ ಸಿಟ್ಟು ಬಂತು. "ಸುಗ್ಗಿಯೊಳಗ ಒಬ್ಬರರ 'ಚಲೋ ಐತಿ' ಅನ್ನದಿದ್ರ ಕಿತ್ತು ಒಗೀತೀನಿ," ಎಂದುಬಿಟ್ಟೆ. ಆರು ತಿಂಗಳು ಕೂತು ಮಾಡಿದ ಆಟ ಅದು.

ಅರ್ಜಿ

ಮೊದಲನೆಯದು ಮಸ್ಕಿಯ ಕಿರಾಣಿ ಅಂಗಡಿಯವರೊಬ್ಬರದು. ಅವರು ಬರೆದದ್ದು ಅಭಿಪ್ರಾಯವಲ್ಲ, ಅರ್ಜಿ. "ಗೆ, ಮಾನ್ಯ ಆಟದ ಅಧಿಕಾರಿಗಳು. ವಿಷಯ: ಮೂರನೇ ಸುತ್ತಿನಲ್ಲಿ ಸೋತಿರುವ ಕುರಿತು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ಗಿರಾಕಿ ಬಂದ ಕಾರಣ ಎದ್ದು ಹೋಗಿದ್ದು, ಅಷ್ಟರಲ್ಲಿ ಬೆಳೆ ಒಣಗಿರುತ್ತದೆ. ಆದ್ದರಿಂದ ತಾವು ದಯಮಾಡಿ ನಾನು ಗೆದ್ದಿರುವುದಾಗಿ ಆದೇಶ ಹೊರಡಿಸಬೇಕು. ಲಗತ್ತು: ಸೋತ ಫೋಟೋ."

ನಕ್ಕು ಮುಂದಿನದನ್ನು ಓದಿದೆ. ಎಂಟು ದಿನ ಕಳೆದ ಮೇಲೆ ಅವರೇ ಬಸ್ಸು ಹತ್ತಿ ನನ್ನ ಕ್ಲಾಸಿಗೆ ಬಂದರು. ಎರಡು ಹಳೆ ಕಂಪ್ಯೂಟರು, ಒಂದು ಬೆಂಚು, ನಾನೊಬ್ಬ. ಎಲ್ಲವನ್ನೂ ಒಮ್ಮೆ ನೋಡಿ ಮೆಲ್ಲಗೆ ಕೇಳಿದರು: "ನನ್ನ ಅರ್ಜಿ ಈಗ ಯಾವ ಟೇಬಲ್ ಮ್ಯಾಲ ಐತ್ರಿ?"

ಒಣಭೂಮಿ

ಲಿಂಗಸುಗೂರು ಕಡೆಯ ಶಾಲೆಯ ಶಿಕ್ಷಕಿಯೊಬ್ಬರು ಬರೆದರು: "ನಮ್ಮ ಊರಾಗ ಕಾಲುವಿ ಇಲ್ಲ. ಮಳಿ ನಂಬಿ ಜೋಳ ಬಿತ್ತೋರು ನಾವು. ನಮಗೂ ಒಂದು ಆಟ ಬ್ಯಾಡೇನ್ರಿ?"

ನ್ಯಾಯವಾದ ಮಾತು. ಒಣಭೂಮಿಯ ಸುತ್ತೊಂದನ್ನು ಕೂಡಿಸಿದೆ. ಬಿತ್ತಬೇಕು, ಆಮೇಲೆ ಮುಗಿಲು ನೋಡುತ್ತ ಕೂಡಬೇಕು. ಒತ್ತುವುದಕ್ಕೆ ಒಂದು ಬಟನ್ನೂ ಇಲ್ಲ. ಇದರಲ್ಲಿ ತಪ್ಪು ಹುಡುಕಲಿ ನೋಡೋಣ ಎಂದುಕೊಂಡೆ.

ಮರುದಿನವೇ ಉತ್ತರ ಬಂತು: "ಮುಗಲು ನೋಡೂದು ಸರಿ. ಖಾಲಿ ಬಾಯಾಗ ಕುಂತು ನೋಡ್ತಾರೇನ್ರಿ ಯಾರರ?"

ಎಲೆ ಅಡಿಕೆ ಹಾಕಿಕೊಳ್ಳುವುದಕ್ಕೆ ಒಂದು ಬಟನ್ ಇಟ್ಟೆ. ಅದರಿಂದ ಆಟದಲ್ಲಿ ಏನೂ ಆಗುವುದಿಲ್ಲ. ಇವತ್ತಿಗೂ ಇಡೀ ಆಟದಲ್ಲಿ ಜನ ಅತಿ ಹೆಚ್ಚು ಒತ್ತುವ ಬಟನ್ ಅದೇ.

ಸುಳ್ಳು

ಕಾಲುವೆಯ ತುತ್ತ ತುದಿಗೆ ಹೊಲವಿರುವ ಹೆಣ್ಣುಮಗಳೊಬ್ಬಳು ಮಗಳನ್ನು ಕ್ಲಾಸಿಗೆ ಸೇರಿಸಲು ಬಂದವಳು ಎದುರಿಗೇ ಹೇಳಿದಳು. "ಮ್ಯಾಲಿನವರ ಗೇಟು ತಾನಽ ಮುಚ್ಚತೈತೇನ್ರಿ ಸರ? ಯಾ ಊರಾಗ? ಇಷ್ಟು ಸುಳ್ಳು ಹೇಳಬಾರ್ದು."

ನಾನೂ ಗೊರೇಬಾಳದ ಗದ್ದೆ ಬದುವಿನಲ್ಲಿ ಬೆಳೆದವನು. ನಾಚಿಕೆಯಾಯಿತು. ಅವತ್ತೇ ತಿದ್ದಿದೆ. ಇನ್ನು ಮೇಲೆ ಮೇಲಿನವರು ಮನಸ್ಸು ಮಾಡಿ ಮುಚ್ಚಿದರಷ್ಟೇ ಗೇಟು ಮುಚ್ಚುವುದು.

ನಾಲ್ಕೇ ದಿನಕ್ಕೆ ಅವಳು ಮತ್ತೆ ಬಂದಳು. ಮುಖ ಸಪ್ಪಗಿತ್ತು. "ದಿನಾ ಅಡಗಿ ಆದ ಮ್ಯಾಲ ಒಂದು ಆಟ ಆಡ್ತಿದ್ದೆ. ನನ್ನ ಗದ್ದಿ ಹಸರಾಗೂದು ಅದರಾಗಷ್ಟಽ ನೋಡಿದ್ದೆ. ಅದನ್ನೂ ತಗದ್ರಿ."

"ನೀನಽ ಸುಳ್ಳು ಅಂದೆಲ್ಲವಾ?" ಎಂದೆ.

"ಸುಳ್ಳು ಅಂದೆ. ತಗೀರಿ ಅಂದ್ನೇನು?"

ಭಾನುವಾರ ಬಿಡುವು ಮಾಡಿಕೊಂಡು ಮೊದಲಿನಂತೆ ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಸಾವ್ಕಾರರು

ಭಾನುವಾರ ಬರುವ ಮೊದಲೇ ಸಾವ್ಕಾರರು ಬಂದರು. ಆ ಹೆಣ್ಣುಮಗಳ ಕಾಲುವೆಯ ಬಾಯಿಗೇ, ನೀರು ಮೊದಲು ಬರುವಲ್ಲಿ, ಹೊಲವಿರುವವರು. ಅವರ ಗೇಟು ಮುಚ್ಚಿದ್ದನ್ನು ಕಂಡವರಿಲ್ಲ. ಕೇಳಲು ಹೋದವರಿಗೆಲ್ಲ ಚಹಾ ಕುಡಿಸಿ, "ನಮ್ಮದು ಇನ್ನಾ ನೆಂದಿಲ್ಲ," ಎಂದು ಕಳಿಸುತ್ತಾರೆ. ಯಾವುದೋ ದಾಖಲೆಯ ಪ್ರಿಂಟಿಗೆ ಬಂದವರು, ಪ್ರಿಂಟರ್ ಬಿಸಿಯಾಗುವ ತನಕ ಆಟಕ್ಕೆ ಕೂತರು. ಚೀಟಿಯಲ್ಲಿ ಅವರಿಗೆ ಕೊನೆಯ ಗದ್ದೆ ಬಂತು. ಮೊದಲ ಗದ್ದೆ, ಮನೆಯಲ್ಲಿ ಮೊಬೈಲು ಹಿಡಿದು ಕೂತಿದ್ದ ಆ ಹೆಣ್ಣುಮಗಳಿಗೆ. ಇಬ್ಬರ ಹೆಸರೂ ಪರದೆಯ ಮೇಲೆ ಮೂಡಿತು.

ಅವಳ ಗದ್ದೆ ತುಂಬಿ ತುಳುಕಿತು. ಗೇಟು ಮುಚ್ಚಲಿಲ್ಲ. ಸಾವ್ಕಾರರ ಪೈರು ಹಳದಿ ತಿರುಗಿತು. ಅವರು ಕುರ್ಚಿಯ ತುದಿಗೆ ಬಂದರು. "ಮಾಸ್ತರ, ಜರಾ ಬರೀರಿ ಆಕೀಗೆ. ನೀರು ಬಿಡವಾ, ಬೆಳಿ ಒಣಗಾಕತ್ತೈತಿ ಅಂತ."

ಆಟದಲ್ಲೇ ಒಬ್ಬರಿಗೊಬ್ಬರು ಬರೆಯುವ ಸೌಕರ್ಯವಿದೆ. ಬರೆದೆ. ಕೂಡಲೇ ಉತ್ತರ ಬಂತು: "ನಮ್ಮದು ಇನ್ನಾ ನೆಂದಿಲ್ರಿ ಸಾವ್ಕಾರ್ರ. ಚಾ ಕುಡೀರಿ."

ಸಾವ್ಕಾರರು ಅದನ್ನು ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡೆ. "ಇನ್ನೊಂದು ಆಟ ಹಚ್ಚರಿ," ಎಂದರು. ಮತ್ತೆ ಕೊನೆಯ ಗದ್ದೆಯೇ ಬಂತು, ಮತ್ತೆ ಒಣಗಿತು. ಮೂರನೆಯ ಸಲವೂ ಅದೇ. ಪ್ರಿಂಟು ಆಗಿ ತಣ್ಣಗಾಗಿತ್ತು, ಅವರಿಗೆ ಅದರ ಖಬರೇ ಇರಲಿಲ್ಲ.

ಕೊನೆಗೆ ಕನ್ನಡಕ ಏರಿಸಿಕೊಂಡು, ಅಭಿಪ್ರಾಯದ ಪೆಟ್ಟಿಗೆಯಲ್ಲಿ ಒಂದೊಂದೇ ಅಕ್ಷರ ಹುಡುಕಿ, ತಮ್ಮ ಕೈಯಾರೆ ಬರೆದರು. ಅವರು ಹೋದ ಮೇಲೆ ಹೆಂಡತಿಯನ್ನು ಕರೆದು ಗಟ್ಟಿಯಾಗಿ ಓದಿ ಹೇಳಿದೆ:

"ಆಟ ಚಲೋ ಐತಿ. ಆದ್ರ ಗೇಟು ತಾನಽ ಮುಚ್ಚಂಗ ಮಾಡ್ರಿ. ಮ್ಯಾಲಿನ ಮಂದೀನ ನಂಬಾಕ ಬರಂಗಿಲ್ಲ."