ನಿಮ್ಮ ಮನೆ ಅಂದರೆ ಯಾರ ಮನೆ?

ಎಲ್ವಿರಾ: ಸ್ವೆಟರ್ ಆಚೆ ತೆಗಿ ಅಂದೆ.

ಎವಾರಿಸ್ತೋ: ತೆಗೆಯಲ್ಲ. ಉತ್ತರದ ಆ ಮೊಂತೆರೇ ಊರಿನ ಸುತ್ತ ಬೆಟ್ಟ. ಯಾವ ಕಡೆ ಕತ್ತು ತಿರುಗಿಸಿದ್ರೂ ಬೆಟ್ಟ. ಬೆಟ್ಟ ಇದ್ದ ಕಡೆ ಚಳಿ ಇದ್ದೇ ಇರುತ್ತೆ.

ಎಲ್ವಿರಾ: ಮೇ ತಿಂಗಳಲ್ಲಿ ಅಲ್ಲಿ ಕಾರಿನ ಬಾನೆಟ್ ಮೇಲೆ ಮೊಟ್ಟೆ ಬೇಯುತ್ತಂತೆ. ನಮ್ಮ ಹುಡುಗಿ ನೊಯೆಮಿನೇ ಹೇಳಿದಾಳೆ.

ಎವಾರಿಸ್ತೋ: ಅವಳು ಅಲ್ಲಿ ಕೆಲಸ ಮಾಡೋದು ಗಾಜಿನ ಕಾರ್ಖಾನೇಲಿ, ಕುಲುಮೆ ಪಕ್ಕ. ಅವಳಿಗೆ ಡಿಸೆಂಬರಲ್ಲೂ ಸೆಖೆಯೇ.

ಮಂಚದ ಮೇಲೆ ಪೆಟ್ಟಿಗೆಯೊಂದು ಬಾಯಿ ತೆರೆದು ಕೂತಿತ್ತು. ಗಂಡ ಒಂದು ಬಟ್ಟೆ ಇಟ್ಟರೆ ಹೆಂಡತಿ ಒಂದು ತೆಗೆಯುತ್ತಿದ್ದಳು. ಹೀಗೆ ಅರ್ಧ ಗಂಟೆಯಿಂದ ಪೆಟ್ಟಿಗೆ ತುಂಬಿಯೂ ಇರಲಿಲ್ಲ, ಖಾಲಿಯೂ ಆಗಿರಲಿಲ್ಲ. ಕಿಟಕಿಯಾಚೆ ಪುಯೆಬ್ಲಾದ ಸಂಜೆ. ಊರವರೆಲ್ಲ ದೋನ್ ಗೋಯೋ ಎಂದು ಮನೆ ಹಿರಿಯನಂತೆ ಕರೆಯುವ ಜ್ವಾಲಾಮುಖಿ ತನ್ನ ಪಾಡಿಗೆ ಹೊಗೆ ಬಿಡುತ್ತಾ ನಿಂತಿತ್ತು.

ಎವಾರಿಸ್ತೋ: ಕುದುರೆ ಜೀನಿನ ಥರಾನೇ ಒಂದು ಬೆಟ್ಟ ಇದೆಯಂತೆ. ನಮ್ಮ ಹಣೇಲಿ ಬರೆದಿದೆ ಅಂತಿಟ್ಕೋ, ನೋಡಿ ಬರೋಣ.

ಎಲ್ವಿರಾ: ಬೆಟ್ಟ ನೋಡೋಕೆ ರಾತ್ರಿಯಿಡೀ ಬಸ್ಸಲ್ಲಿ ಕೂತ್ಕೋಬೇಕಾ? ಪರದೆ ಸರಿಸು, ಇಲ್ಲೇ ಇದೆ. ಹೊಗೆ ಸಮೇತ.

ಎವಾರಿಸ್ತೋ: ಅಲ್ಲಿ ಬೆಟ್ಟಗಳು ಹೊಗೆ ಬಿಡಲ್ಲ ಕಣೇ. ಆ ಕೆಲಸಕ್ಕೆ ಅಂತಲೇ ಕಾರ್ಖಾನೆ ಇಟ್ಕೊಂಡಿದಾರೆ. ಆಮೇಲೆ, ಮೆಕ್ಕೆಜೋಳದ ರೊಟ್ಟಿ ಒಂದು ಕಟ್ಟು ಇಟ್ಬಿಡು. ಅಲ್ಲಿಯವರು ಗೋಧಿ ರೊಟ್ಟಿ ತಿನ್ನೋ ಜನ.

ಎಲ್ವಿರಾ: ಗೋಧಿ ರೊಟ್ಟಿನಾ? ದಿನಾ? ಕಾಯಿಲೆ ಇಲ್ದೇನಾ?

ಎವಾರಿಸ್ತೋ: ದಿನಾ. ಆ ಮೋಲೆ ಮಸಾಲೆ ಡಬ್ಬೀನೂ ಕೊಡು, ಸ್ವೆಟರ್ ಮಧ್ಯೆ ಇಡ್ತೀನಿ. ಚೆಲ್ಲಲ್ಲ.

ಎಲ್ವಿರಾ ಡಬ್ಬಿಯನ್ನು ಎದೆಗೆ ಅವಚಿಕೊಂಡಳು.

ಎಲ್ವಿರಾ: ಇದು ಇಲ್ಲಿಗೆ ಬರೋರಿಗೆ ಅಂತ ಅರೆಸಿದ್ದು! ಶನಿವಾರ ಗಂಡಿನ ಕಡೆಯವರು ಈ ಬಾಗಿಲಿಗೆ ಬಂದು, ಈ ಮೇಜಿಗೆ ಕೂತು, ನಮ್ಮ ಹುಡುಗೀನ ಕೇಳಬೇಕಿತ್ತು. ಈಗ ನಾವೇ ಹೋಗಿ 'ಕೇಳ್ರಪ್ಪಾ, ಹೆಣ್ಣು ಕೊಡ್ತೀವಿ' ಅನ್ನಬೇಕು. ಗ್ಯಾಸ್ ಸಿಲಿಂಡರ್ ಮಾರೋರಾ ನಾವು, ಮನೆ ಮನೆ ಮುಂದೆ ಕೂಗೋಕೆ? ಎಲ್ಲಾ ನಿನ್ನ ನಾಲಿಗೆಯಿಂದ.

ಎವಾರಿಸ್ತೋ ಕ್ಷೌರಿಕ. ಅವನ ಕತ್ತರಿಗಿಂತ ಅವನ ಮಾತು ನುಣುಪು ಎಂದು ಬೀದಿಯೇ ಒಪ್ಪಿತ್ತು. ಅದನ್ನೇ ತಪ್ಪು ಎಂದದ್ದಕ್ಕೆ ಅವನಿಗೆ ನೋವಾಯಿತು.

ಎವಾರಿಸ್ತೋ: ಹುಡುಗನ ಅಪ್ಪನಿಗೆ ಫೋನಲ್ಲಿ ನಾನೇನು ತಪ್ಪು ಹೇಳ್ದೆ? 'ದೋನ್ ಎಲೆಯಾಸಾರ್, ಶನಿವಾರ ಊಟಕ್ಕೆ ತಮ್ಮ ದಾರಿ ಕಾಯ್ತಿರ್ತೀವಿ, ನಿಮ್ಮ ಮನೇಲಿ' ಅಂದೆ. ಇಡೀ ಪುಯೆಬ್ಲಾ ಹೀಗೇ ಅನ್ನೋದು. ನನ್ನ ಮನೇನ ನಿಮ್ಮ ಮನೆ ಅನ್ನದೆ 'ನನ್ನ ಮನೆ, ನನ್ನ ಮನೆ' ಅನ್ನೋಕಾಗುತ್ತಾ? ಅಸಹ್ಯ.

ಎಲ್ವಿರಾ: ಅದಕ್ಕೆ ಅವರೇನಂದ್ರು?

ಎವಾರಿಸ್ತೋ: 'ನಮ್ಮ ಮನ್ಯಾಗ? ಆತು ಬಿಡ್ರಿ, ಮೇಕೆಮರಿ ಸುಡಸ್ತೀನಿ' ಅಂದ್ರು. ಸುಡಿಸಿ ತಗೊಂಡು ಬರ್ತಾರೆ ಅಂದ್ಕೊಂಡೆ.

ಎಲ್ವಿರಾ: ರಾತ್ರಿಯಿಡೀ ಬಸ್ಸಲ್ಲಿ, ತೊಡೆ ಮೇಲೆ ಸುಟ್ಟ ಮೇಕೆಮರಿ ಇಟ್ಕೊಂಡು?

ಎವಾರಿಸ್ತೋ: ಉತ್ತರದ ಜನ. ನಾನೇನು ಕಂಡೆ.

ಎಲ್ವಿರಾ: ನೊಯೆಮಿ ಬೆಳಿಗ್ಗೆ ಫೋನ್ ಮಾಡಿ 'ಇವರು ನಿಮಗೆ ಇಲ್ಲಿ ಕಾಯ್ತಿದಾರೆ' ಅಂದಾಗಲಾದ್ರೂ ತಿದ್ದಬಹುದಿತ್ತಲ್ಲ?

ಎವಾರಿಸ್ತೋ: ಹೇಗೆ ತಿದ್ದಲಿ? ಒಂದು ಸಲ 'ನಿಮ್ಮದು' ಅಂತ ಕೊಟ್ಟ ಮನೇನ ಯಾವ ಬಾಯಲ್ಲಿ ವಾಪಸ್ ಕೇಳಲಿ?

ಎಲ್ವಿರಾ ಮಂಚದ ಅಂಚಿಗೆ ಕೂತಳು. ಕೂತ ರೀತಿಯಲ್ಲೇ ಜಗಳದ ಬಣ್ಣ ಬದಲಾಯಿತು.

ಎಲ್ವಿರಾ: ನನ್ನ ಯಾರು ಕೇಳಿದ್ರು, ಎವಾರಿಸ್ತೋ?

ಎವಾರಿಸ್ತೋ: ನಾನು ಕೇಳ್ದೆ.

ಎಲ್ವಿರಾ: ನೀನು ಕೇಳಿದ್ದು 'ವೆರಾಕ್ರೂಸ್ ಬಸ್ಸು ಹೊರಡ್ತಿದೆ, ಹತ್ತುತೀಯಾ ಇಲ್ವಾ' ಅಂತ.

ಎವಾರಿಸ್ತೋ: ಹತ್ತಿದೆ ತಾನೆ?

ಎಲ್ವಿರಾ: ಹತ್ತಿದೆ. ಹತ್ತಿದ್ದಕ್ಕೆ ಬೇಜಾರಿಲ್ಲ. ಆದ್ರೆ ನಮ್ಮಮ್ಮನ ಬಾಗಿಲಿಗೆ ಯಾರೂ ಬರಲಿಲ್ಲ. 'ನಿಮ್ಮ ಹುಡುಗೀನ ಕೊಡ್ತೀರಾ' ಅಂತ ಯಾರೂ ಕೇಳಲಿಲ್ಲ. ಕೇಳಿದ್ರೆ ಅವಳು ಇಲ್ಲ ಅಂತಿದ್ಲೇನೋ. ಆದ್ರೂ ಕೇಳಿಸ್ಕೊಂಡಿರ್ತಿದ್ಲಲ್ಲ? ನನಗೆ ಇರೋದು ಒಬ್ಬಳೇ ಮಗಳು. ನನ್ನ ಬಾಗಿಲಲ್ಲಿ ನಾನು ನಿಂತಿರೋವಾಗ ಯಾರಾದ್ರೂ ಒಂದೇ ಒಂದು ಸಲ ಕೇಳ್ಲಿ ಅಂತ ನನ್ನಾಸೆ. ಅಷ್ಟೆ.

ಎವಾರಿಸ್ತೋ ಪೆಟ್ಟಿಗೆಯಿಂದ ಸ್ವೆಟರನ್ನು ತಾನಾಗಿಯೇ ತೆಗೆದ. ಅದನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಆಮೇಲೆ ಫೋನು ಕೈಗೆತ್ತಿಕೊಂಡ. ಎಲ್ವಿರಾ ಪಕ್ಕದಿಂದ ಬೆರಳು ಚಾಚಿ ಸ್ಪೀಕರ್ ಗುಂಡಿ ಒತ್ತಿದಳು. ಆ ಕಡೆಯಿಂದ ಮೊದಲು ಕೇಳಿಸಿದ್ದು ಕಬ್ಬಿಣ ಕಡೆಯುವ ಲೇತ್ ಯಂತ್ರದ ಕಿರುಚಾಟ, ಅದರ ಮೇಲೆ ಒಂದು ಗಂಡು ದನಿ.

ಎಲೆಯಾಸಾರ್: ಯಾರ್ರೀ? ಗಟ್ಟ್ಯಾಗಿ ಮಾತಾಡ್ರಿ!

ಎವಾರಿಸ್ತೋ: ತಮ್ಮ ಸೇವಕ, ಎವಾರಿಸ್ತೋ.

ಎಲೆಯಾಸಾರ್: ಸೇವಕನ? ಕೆಲಸಕ್ಕ ಮಂದಿ ಬೇಕು ಅಂತ ನಾ ಯಾರಿಗೂ ಹೇಳಿಲ್ಲಲ್ರಿ.

ಎವಾರಿಸ್ತೋ: ಅಲ್ಲ, ನಾನು, ನೊಯೆಮಿ ತಂದೆ.

ಎಲೆಯಾಸಾರ್: ಹಂಗಂತ ಮೊದಲ ಹೇಳಬಾರದೇನ್ರಿ ಬೀಗರ! ಏನು, ಬಸ್ ಹತ್ತೀರೇನು?

ಎವಾರಿಸ್ತೋ: ಅದೇ ವಿಚಾರವಾಗಿ ಒಂದು ಸಣ್ಣ ಅರಿಕೆ. ತಮಗೆ ತೊಂದರೆ ಆಗೋದಾದ್ರೆ ಬೇಡವೇ ಬೇಡ. ಆದ್ರೆ ತಾವು ದೊಡ್ಡ ಮನಸ್ಸು ಮಾಡಿ, ಸ್ವಲ್ಪ ಪುರುಸೊತ್ತಿದ್ರೆ...

ಎಲೆಯಾಸಾರ್: ಹೂಂ. ಮುಂದ?

ಎವಾರಿಸ್ತೋ: ಶನಿವಾರ ನಿಮ್ಮ ಮನೇಲಿ ಊಟ ಅಂದಿದ್ದೆನಲ್ಲ?

ಎಲೆಯಾಸಾರ್: ಹೌದ್ರಿ. ಮರಿ ಹೇಳೀನಿ. ಇದ್ದಿಲು ತರಿಸೀನಿ. ನೀವು ಬರೋದಷ್ಟ ಬಾಕಿ.

ಎವಾರಿಸ್ತೋ: ನಿಮ್ಮ ಮನೆ ಅಂದ್ರೆ ಆ ನಿಮ್ಮ ಮನೆ ಅಲ್ಲ. ಈ ನಿಮ್ಮ ಮನೆ.

ಲೇತ್ ಯಂತ್ರ ಒಂದು ಸುತ್ತು ಕಿರುಚಿತು.

ಎಲೆಯಾಸಾರ್: ನಮಗಿರೋದ ಒಂದ ಮನಿ.

ಎವಾರಿಸ್ತೋ: ಹಾಗನ್ನಬೇಡಿ, ನಮಗೆ ಬೇಜಾರಾಗುತ್ತೆ. ಪುಯೆಬ್ಲಾದಲ್ಲೂ ನಿಮಗೊಂದು ಮನೆ ಇದೆ.

ಎಲೆಯಾಸಾರ್: ಯಾವಾಗಿಂದ?

ಎವಾರಿಸ್ತೋ: ಮೊದಲಿಂದಾನೂ! ನೀಲಿ ಬಾಗಿಲು. ಮುಂದುಗಡೆ ಅಂಗಡಿ, ಹಿಂದೆ ಮೂರು ಕೋಣೆ, ಅಂಗಳದಲ್ಲಿ ನಿಂಬೆಗಿಡ. ಎಲ್ಲಾ ನಿಮ್ಮದೇ.

ಎಲ್ವಿರಾ ಗಂಡನ ತೋಳು ಚಿವುಟಿದಳು. ಅವನು ಅದನ್ನು ಮೆಚ್ಚುಗೆ ಎಂದು ತಿಳಿದ.

ಎಲೆಯಾಸಾರ್: ತಡೀರಿ, ತಡೀರಿ. ಹುಡುಗಿ ಜೋಡಿ ಮನಿನೂ ಕೊಡ್ತೀರೇನು?

ಎವಾರಿಸ್ತೋ: ಅಯ್ಯೋ, ಅದು ಯಾವತ್ತೋ ಕೊಟ್ಟಾಯ್ತು! ತಾವು ಬಂದು ಕಾಲು ಚಾಚಿ ಕೂತ್ರೆ ಆಯ್ತು.

ಎಲೆಯಾಸಾರ್: ನೋಡ್ರಿ, ನಮ್ಮ ಹುಡುಗ ಆದ್ರಿಯಾನ್‌ನ ಕೈಕಾಲು ಗಟ್ಟಿ ಅದಾವ. ಮಾವನ ಮನಿ ಅವಗ ಬ್ಯಾಡ. ಇಷ್ಟಕ್ಕೂ ಅಂಗಡಿ, ಮೂರು ಕೋಣಿ, ನಿಂಬಿಗಿಡ, ಇಷ್ಟೆಲ್ಲಾ ಯಾಕ ಕೊಡಾಕತ್ತೀರಿ? ಹುಡುಗ್ಯಾಗ ಏನರ ಐಬು ಐತೇನು?

ಎವಾರಿಸ್ತೋ: ಐಬಾ? ಛೆ ಛೆ! ಐಬೇನಿದ್ರೂ ನಮ್ಮಲ್ಲೇ, ತಮ್ಮ ದೊಡ್ಡ ಗುಣದ ಮುಂದೆ...

ಎಲೆಯಾಸಾರ್: ಅಂದ್ರ ಐತಿ! ಬೀಗರ, ಹಿಂಗಾದ್ರ ನಾನು ಮತ್ತ ವಿಚಾರ ಮಾಡಬೇಕಾಗ್ತೈತಿ.

ಎವಾರಿಸ್ತೋನ ಮುಖ ಬಿಳಿಚಿಕೊಂಡಿತು. ಎಲ್ವಿರಾ ಫೋನು ಕಸಿದುಕೊಂಡಳು.

ಎಲ್ವಿರಾ: ದೋನ್ ಎಲೆಯಾಸಾರ್, ನಾನು ನೊಯೆಮಿ ಅಮ್ಮ. ಈ ಮನೆ ನಮ್ಮದು.

ಎಲೆಯಾಸಾರ್: ಆಂ?

ಎಲ್ವಿರಾ: ನಮ್ಮದು. ನಿಮ್ಮದಲ್ಲ. ನಿಂಬೆಗಿಡನೂ ನಮ್ಮದೇ. ಒಂದು ಹಣ್ಣೂ ಕೊಡಲ್ಲ.

ಎವಾರಿಸ್ತೋ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಎಲೆಯಾಸಾರ್: ಹಾಂ! ಈಗ ತಿಳೀತು ನೋಡ್ರಿ! ಯಾರೋ ಒಬ್ಬರಾದ್ರೂ ನೆಟ್ಟಗ ಮಾತಾಡಿದ್ರು.

ಎಲ್ವಿರಾ: ನಮ್ಮೂರಲ್ಲಿ 'ನಿಮ್ಮ ಮನೆ' ಅಂದ್ರೆ ನಮ್ಮ ಮನೆ ಅಂತ ಅರ್ಥ. ಅದು ಮರ್ಯಾದೆ ಮಾತು. ಶನಿವಾರ ನೀವು ಇಲ್ಲಿಗೆ, ನಮ್ಮ ಬಾಗಿಲಿಗೆ ಬರಬೇಕಿತ್ತು, ಹೆಣ್ಣು ಕೇಳೋಕೆ.

ಎಲೆಯಾಸಾರ್: ಅದಕ್ಕ ನಾವು ಇಲ್ಲಿ ತಲಿ ಕೆರಕೊಳ್ಳಾಕತ್ತಿದ್ವಿ! ನಮ್ಮಾಕಿ ಅಂತಾಳ, ನಮ್ಮ ಮನ್ಯಾಗ ನಾವ ಕುಂತು ಹೆಣ್ಣು ಹೆಂಗ ಕೇಳೋದು? ಎದ್ದು ಹೊರಗ ಹೋಗಿ ನಮ್ಮ ಬಾಗಿಲ ನಾವ ಬಡಿಯೋಣೇನು ಅಂತ.

ಎಲ್ವಿರಾಳಿಗೆ ನಗು ಬಂತು. ತಡೆದುಕೊಂಡಳು.

ಎಲ್ವಿರಾ: ಈಗ ನೀವು ಮರಿ ಹೇಳಿ, ಇದ್ದಿಲು ತರಿಸಿಬಿಟ್ಟಿದೀರಿ. ಹೋಗಲಿ ಬಿಡಿ. ನಾವೇ ಬರ್ತೀವಿ.

ಆ 'ಬಿಡಿ' ಎನ್ನುವಲ್ಲಿ ದನಿ ಸಣ್ಣಗಾಯಿತು. ಲೇತ್ ಯಂತ್ರದ ಗದ್ದಲದಲ್ಲೂ ಆ ಕಡೆಯ ಕಿವಿಗೆ ಅದು ತಲುಪಿರಬೇಕು.

ಎಲೆಯಾಸಾರ್: ತಡೀರಿ. ನೀವೀಗ ಎಲ್ಲಿದೀರಿ? ನಿಮ್ಮ ಮನ್ಯಾಗೇನು? ನಿಮ್ಮ ಅಂದ್ರ ನಿಮ್ಮ.

ಎಲ್ವಿರಾ: ನಮ್ಮ ಮನೇಲೇ.

ಎಲೆಯಾಸಾರ್: ಹೋಗಿ ಬಾಗಿಲಾಗ ನಿಂದರ್ರಿ.

ಎಲ್ವಿರಾ: ಈಗಲಾ?

ಎಲೆಯಾಸಾರ್: ಈಗ.

ಅವಳು ಕೋಣೆ ದಾಟಿ, ಅಂಗಡಿಯ ಖಾಲಿ ಕುರ್ಚಿಗಳನ್ನು ದಾಟಿ, ಬೀದಿ ಬಾಗಿಲು ತೆರೆದಳು. ಇಳಿಬಿಸಿಲು ಹೊಸ್ತಿಲವರೆಗೆ ಬಂದು ನಿಂತಿತ್ತು, ಯಾರೋ ಕರೆಯಲಿ ಎಂದು ಕಾದ ಹಾಗೆ. ಎದುರು ಮನೆಯಾಕೆ ಹೂಕುಂಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ನೋಡಿದಳು. ಎವಾರಿಸ್ತೋ ಬರಿಗಾಲಲ್ಲಿ ಹಿಂದೆಯೇ ಬಂದ.

ಎಲ್ವಿರಾ: ನಿಂತಿದೀನಿ.

ಎಲೆಯಾಸಾರ್: ಏ, ಆ ಮಷೀನ್ ಬಂದ್ ಮಾಡ್ರೋ! ... ಹಾಂ. ನಿಮಗ ಕಾಣಂಗಿಲ್ಲ, ಆದ್ರ ಟೊಪಗಿ ತೆಗೆದೀನಿ. ಬೀಗಿತಿಯವರ, ನಿಮ್ಮ ಮಗಳು ನೊಯೆಮಿನ್ನ ನಮ್ಮ ಆದ್ರಿಯಾನ್‌ಗ ಕೊಡ್ತೀರೇನು?

ಎಲ್ವಿರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಾತು ಬಂದಾಗ ಅದು ಪುಯೆಬ್ಲಾದ ಬಾಯಿಂದಲೇ ಬಂತು.

ಎಲ್ವಿರಾ: ಅವಳು ನಿಮ್ಮ ಮಗಳೇ ಅಂತ ತಿಳ್ಕೊಳ್ಳಿ, ದೋನ್ ಎಲೆಯಾಸಾರ್.

ಆ ಕಡೆ ತಲೆ ಕೆರೆದುಕೊಂಡ ಸದ್ದು ಕೇಳಿಸಿತು.

ಎಲೆಯಾಸಾರ್: ಅಂದ್ರ... ನಿಮ್ಮಾಕಿ ಅಂತನೋ? ನಮ್ಮಾಕಿ ಅಂತನೋ?

ಎವಾರಿಸ್ತೋ: ನೋಡಿದ್ಯಾ! ನಿನ್ನ ಬಾಯಲ್ಲೂ ಅದೇ ಬಂತು!

ಎಲ್ವಿರಾ: ನೀನು ಸುಮ್ನಿರು. ದೋನ್ ಎಲೆಯಾಸಾರ್, ಕೊಟ್ಟೆ. ಕೇಳಿಸ್ತಾ? ಕೊಟ್ಟೆ.

ಎಲೆಯಾಸಾರ್: ಮುಗೀತು! ಈಗ ಮರಿ ತಿನ್ನಾಕ ಬರ್ರಿ. ಶನಿವಾರ, ನಮ್ಮ ಮನಿಗೆ. ನಮ್ಮ ಮನಿ, ನಿಮ್ಮದಲ್ಲ.

ಫೋನು ಕಟ್ಟಾಯಿತು. ಎವಾರಿಸ್ತೋ ಹೊಡೆತ ತಿಂದವನಂತೆ ನಿಂತಿದ್ದ.

ಎವಾರಿಸ್ತೋ: ಕೇಳಿದ್ಯಾ? 'ನಿಮ್ಮದಲ್ಲ' ಅಂತ! ಮುಖಕ್ಕೇ! ಎಂಥ ಒರಟು ಜನಕ್ಕೆ ಮಗಳನ್ನ ಕೊಡ್ತಿದೀವಿ ಕಣೇ!

ಎಲ್ವಿರಾ ಕಣ್ಣೊರೆಸಿಕೊಂಡು ಬೀದಿಯುದ್ದಕ್ಕೂ ನೋಡಿದಳು. ಸಾಲಾಗಿ ಬಾಗಿಲುಗಳು, ಹಳದಿ, ಗುಲಾಬಿ, ನೀಲಿ.

ಎಲ್ವಿರಾ: ಈ ಬೀದೀಲಿ ಎಲ್ಲರ ಮನೆಯೂ ನಂದೇ ಅಂತೆ, ಮದುವೆಯಾಗಿ ಬಂದಾಗಿಂದ ಹೇಳ್ತಾ ಇದಾರೆ. ಶನಿವಾರ ಊಟಕ್ಕೆ ಬಾ ಅಂತ ಕರೆದೋನು ಇವನೊಬ್ಬನೇ ಕಣಯ್ಯಾ.