ಊದುವುದು ಬೇಡದ ಒಲೆ

ಕತೆ ಹೇಳುವವನಿಗೆ ಜಗತ್ತಿನಲ್ಲಿ ಬೇಕಾದ ಆಸ್ತಿ ಒಂದೇ. ಎದುರಿಗೆ ಕೂತಿರುವ, ಎದ್ದು ಹೋಗಲಾಗದ, ನಡುವೆ ಬಾಯಿ ಹಾಕಲಾಗದ ಒಬ್ಬ ಮನುಷ್ಯ. ಊರ ಮುಖಂಡರಿಗೆ ಇದು ಮೈಕಿನಿಂದ ಸಿಗುತ್ತದೆ, ಮಾಸ್ತರರಿಗೆ ಹಾಜರಿಯಿಂದ ಸಿಗುತ್ತದೆ, ಕ್ಷೌರ ಮಾಡುವವನಿಗೆ ಕತ್ತಿಯಿಂದ ಸಿಗುತ್ತದೆ. ನನ್ನ ಹತ್ತಿರ ಈ ಮೂರೂ ಇಲ್ಲ. ಹದಿನೇಳು ವಯಸ್ಸು, ಬರಲೋ ಬೇಡವೋ ಎಂದು ಯೋಚಿಸುತ್ತಿರುವ ಮೀಸೆ, ಎಂಟು ಊರಿಗೆ ಹಂಚಿದರೂ ಉಳಿಯುವಷ್ಟು ಮಾತು, ಇಷ್ಟೇ ನನ್ನ ಬಂಡವಾಳ. ಆದರೂ ಹೋದ ತಿಂಗಳವರೆಗೆ ನಾನು ಶ್ರೀಮಂತನಾಗಿದ್ದೆ. ಯಾಕೆಂದರೆ ನಮ್ಮ ಆಯಿ ನನ್ನ ಕತೆಗಳನ್ನು ಕೇಳುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅವಳು ಅಷ್ಟು ಚೆನ್ನಾಗಿ ಕೇಳುತ್ತಿದ್ದುದಕ್ಕೆ ನನ್ನ ಕತೆಯ ರುಚಿ ಕಾರಣ ಎಂದು ಹೇಳಿಕೊಳ್ಳುವ ಆಸೆ ಇದೆ. ನಿಜವಾದ ಕಾರಣ ಅವಳ ಬಾಯಿಗೆ ಅಂಟಿಕೊಂಡಿರುತ್ತಿದ್ದ ಊದುಗೊಳವೆ.

ನಮ್ಮದು ತಿರ್ಲಾಪುರ. ಎರೆ ಭೂಮಿ. ಕಣ್ಣು ಹಾಯಿಸಿದಷ್ಟೂ ಹೊಲ ಕಾಣುತ್ತದೆ, ಒಂದು ದೊಡ್ಡ ಗಿಡ ನೋಡಬೇಕಾದರೆ ಬಸ್ ಹತ್ತಬೇಕು. ಹಾಗಾಗಿ ಒಲೆಗೆ ಹತ್ತಿಕಟ್ಟಿಗೆಯೇ ಗತಿ. ಹತ್ತಿ ಬಿಡಿಸಿದ ಮೇಲೆ ಗಿಡ ಕಿತ್ತು ಒಣಗಿಸಿ ಹಿತ್ತಲಲ್ಲಿ ಒಟ್ಟುತ್ತಾರಲ್ಲ, ಅದೇ. ಅದರ ಸ್ವಭಾವ ಥೇಟ್ ನನ್ನ ಸ್ವಭಾವ. ಭರ್ರನೆ ಹೊತ್ತಿಕೊಳ್ಳುತ್ತದೆ, ನಾಲ್ಕು ಮನೆಗೆ ಕಾಣುವಂತೆ ಉರಿಯುತ್ತದೆ, ತಿರುಗಿ ನೋಡುವಷ್ಟರಲ್ಲಿ ಬೂದಿ. ಆಮೇಲೆ ಊದಬೇಕು. ಮನೆಯಲ್ಲಿ ಗ್ಯಾಸ್ ಇಲ್ಲವೆಂದಲ್ಲ. ಚಹಾ, ಅನ್ನ, ಸಾರು ಎಲ್ಲ ಅವ್ವನ ಕೈಯಲ್ಲಿ, ಗ್ಯಾಸಿನ ಮೇಲೆ. ಜೋಳದ ರೊಟ್ಟಿ ಮಾತ್ರ ಹಿತ್ತಲ ತಗಡಿನ ಕೆಳಗೆ, ಮಣ್ಣಿನ ಒಲೆಯ ಮೇಲೆ, ಆಯಿಯ ಕೈಯಲ್ಲಿ. ಅಲ್ಲಿ ಸಂಜೆಯ ವ್ಯವಸ್ಥೆ ಹೀಗಿತ್ತು: ಆಯಿಯ ಕೈ ರೊಟ್ಟಿ ಬಡಿಯುತ್ತದೆ, ಬಾಯಿ ಊದುತ್ತದೆ, ಕಣ್ಣು ಹೊಗೆಗೆ ನೀರು ಸುರಿಸುತ್ತದೆ. ಖಾಲಿ ಇರುವುದು ಕಿವಿ ಮಾತ್ರ. ಆ ಖಾಲಿ ಜಾಗದಲ್ಲಿ ನಾನು ಬಾಡಿಗೆ ಕೊಡದೆ ವಾಸವಾಗಿದ್ದೆ.

ಬೇರೆಲ್ಲಾದರೂ ಜಾಗ ಹುಡುಕಿಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಹುಡುಕಿದೆ. ಅಕ್ಕ ಮದುವೆಯಾಗಿ ದೇವಿಕೊಪ್ಪ ಸೇರಿದಳು, ಅಲ್ಲಿ ಕಾಡಿಸಲು ಅವಳಿಗೆ ಅವಳದೇ ನಾದಿನಿ ಇದ್ದಾಳೆ. ಅವ್ವನ ಕಿವಿಗೆ ಸದಾ ಫೋನು, ಫೋನಿನ ಆ ಕಡೆ ಕುಂದಗೋಳದ ಚಿಕ್ಕವ್ವ. ಅಪ್ಪ ಮಾತಾಡುವುದು ಟ್ರ್ಯಾಕ್ಟರ್ ಜೊತೆ, ಅದೂ ಅದು ಸ್ಟಾರ್ಟ್ ಆಗದಿದ್ದಾಗ. ಉಳಿದವನು ಮಂಜ್ಯಾ. ಒಂದನೇ ಇಯತ್ತೆಯಿಂದ ಒಂದೇ ಬೆಂಚು, ಒಂದೇ ಬಸ್ಸು, ಒಂದೇ ಕಾಪಿ. ಯುಗಾದಿ ಮುಗಿಯುತ್ತಿದ್ದಂತೆ ಅವನು ಕಾಲೇಜು ಬಿಟ್ಟು ಹುಬ್ಬಳ್ಳಿಯ ಗ್ಯಾರೇಜು ಸೇರಿದ. ಮೊದಮೊದಲು ಫೋನು ಮಾಡುತ್ತಿದ್ದ. ಈಗ ನಾನು ಮಾಡಿದರೆ, "ಲೇ, ಕೈಯೆಲ್ಲಾ ಗ್ರೀಸ್ ಐತಿ, ಆಮ್ಯಾಲೆ ಮಾಡ್ತೀನಿ" ಅನ್ನುತ್ತಾನೆ. ಎಷ್ಟು ಗ್ರೀಸಪ್ಪ ಆ ಗ್ಯಾರೇಜಿನಲ್ಲಿ! ನವಲಗುಂದದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಈಗ ನನ್ನ ಪಕ್ಕ ಕೂರುವುದು ನನ್ನ ಬ್ಯಾಗು. ಕಿಟಕಿ ಸೀಟು ಅದಕ್ಕೇ ಬಿಟ್ಟುಕೊಡುತ್ತೇನೆ.

ಆದರೆ ಒಲೆಯ ಮುಂದೆ ಹೇಳುವ ಕತೆಗಳಲ್ಲಿ ಮಂಜ್ಯಾ ಊರು ಬಿಟ್ಟಿರಲಿಲ್ಲ. ಬಿಡಲು ನಾನು ಒಪ್ಪಬೇಕಲ್ಲ? ದಿನಾ ಅವನೂ ನಾನೂ ಒಂದಿಲ್ಲೊಂದು ಪರಾಕ್ರಮ ಮಾಡುತ್ತಿದ್ದೆವು. ಕಂಡಕ್ಟರ್ ಒಂದು ಸಲ ಸೀನಿದರೆ ನನ್ನ ಕತೆಯಲ್ಲಿ ಬಸ್ಸು ಗಟಾರಿಗೆ ಇಳಿಯುತ್ತಿತ್ತು, ನಾವಿಬ್ಬರೂ ಅದನ್ನು ನೂಕಿ ಮೇಲೆತ್ತುತ್ತಿದ್ದೆವು. ಆಯಿ ಊದುತ್ತಾ ಕೇಳುತ್ತಿದ್ದಳು. ಬಹಳ ಚೆನ್ನಾದ ಕಡೆ ಜೋರಾಗಿ ಊದುತ್ತಿದ್ದಳು, ಕಿಡಿ ಹಾರುತ್ತಿತ್ತು. ಅದೇ ನನಗೆ ಚಪ್ಪಾಳೆ. ಒಂದೇ ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ಕೇಳಲು ಬಾಯಿ ಎಲ್ಲಿದೆ?

ಇಂಥ ಸುಖಕ್ಕೆ ಕಲ್ಲು ಬಿದ್ದದ್ದು ಆಯಿಯ ಕೆಮ್ಮಿನಿಂದ. ಡಾಕ್ಟರು ಅವಳ ಬೆನ್ನ ಮೇಲೆ ಯಂತ್ರ ಇಟ್ಟು ಕೇಳಿ, "ಇನ್ನ ಹೊಗಿ ಮುಂದ ಕುಂದರಬ್ಯಾಡ್ರಿ" ಅಂದರು. ಗ್ಯಾಸಿನ ಮೇಲೆ ರೊಟ್ಟಿ ಮಾಡು ಎಂದರೆ ಆಯಿ, "ಅದರ ಮ್ಯಾಲೆ ಮಾಡಿದ್ದು ರೊಟ್ಟಿ ಅಲ್ಲ, ರಟ್ಟು" ಅಂದಳು. ಅಪ್ಪ ಎರಡು ದಿನ ಯೋಚಿಸಿ ಹೇಳಿದ: "ಅಣ್ಣಿಗೇರಿ ಕಡೆ ಕಟಿಗಿ ಒಲಿ ಮಾಡೂ ಫ್ಯಾಕ್ಟರಿ ಐತಂತ. ಹೊಗೀನೂ ಬರೂದಿಲ್ಲಂತ, ಊದೂದೂ ಬ್ಯಾಡಂತ. ಹೋಗೂಣು ನಡಿ ಯವ್ವಾ, ನೀನ ಆರಿಸು."

ಊದುವುದು ಬೇಡವಂತೆ! ಹೊಗೆ ಹೋಗಲಿ, ನನಗೇನೂ ಅದರ ಮೇಲೆ ಪ್ರೀತಿ ಇಲ್ಲ. ಆದರೆ ಊದುವುದು ನಿಂತರೆ ಆಯಿಯ ಬಾಯಿ ಖಾಲಿಯಾಗುತ್ತದೆ. ಖಾಲಿ ಬಾಯಿ ಪ್ರಶ್ನೆ ಕೇಳುತ್ತದೆ. ಒಂದು ಪ್ರಶ್ನೆ ಸಾಕು, ನಾನು ಕಟ್ಟಿದ ಅರಮನೆಯ ಕಂಬವೆಲ್ಲ ಹತ್ತಿಕಟ್ಟಿಗೆ ಎಂದು ಗೊತ್ತಾಗಲು. ಹಾಗಾಗಿ ನಾನೂ ಹೊರಟೆ. ಒಲೆ ಆರಿಸಲು ಅಲ್ಲ, ಆರಿಸದಂತೆ ನೋಡಿಕೊಳ್ಳಲು.

ಹೊರಡುವಾಗ ಆಯಿ ತನ್ನ ರೊಟ್ಟಿ ಹಂಚನ್ನು ಹಳೆ ಧೋತರದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು, ಒಂದು ಡಬ್ಬಿಯಲ್ಲಿ ಹಿಟ್ಟು, ಊದುಗೊಳವೆ ಕೂಡ. ಅವ್ವ ಫೋನು ಕೆಳಗಿಳಿಸಿ, "ಅತ್ತೀ, ಹಂಚ್ಯಾಕ್ರಿ?" ಎಂದಳು. "ಒಲಿ ಮ್ಯಾಲೆ ಕೂಡಾಕಿ ನಾನೇನ? ಹಂಚು ಕೂಡತೈತಿ. ಅದು ಒಪ್ಪಬೇಕು" ಎಂದಳು ಆಯಿ. ಬಸ್ಸಿನಲ್ಲಿ ಚೀಲದಿಂದ ಊದುಗೊಳವೆ ತಲೆ ಹೊರಗೆ ಹಾಕಿತ್ತು. ಕಂಡಕ್ಟರ್ ನೋಡಿ, "ಅಜ್ಜೀ, ಕೊಳಲು ಬಾರಸ್ತಿಯೇನ ಬೇ?" ಎಂದು ಕೇಳಿದ. ಆಯಿ ನನ್ನ ಕಡೆ ಕಣ್ಣು ಮಾಡಿ, "ಹೂಂನಪಾ. ನಾ ಬಾರಸ್ತೇನಿ, ಈ ನನ್ನ ಮೊಮ್ಮಗ ಹಾಡ್ತಾನ" ಅಂದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅವಳು ಏನು ಹೇಳಿದಳೆಂದು ಆಗ ಯೋಚಿಸಲಿಲ್ಲ.

ಒಲೆ ಫ್ಯಾಕ್ಟರಿ ಎಂದರೆ ಮೇಲೆ ಹೊಗೆ ಏಳುತ್ತಿರಬೇಕು ಅಂದುಕೊಂಡಿದ್ದೆ. ಉದ್ದನೆಯ ತಗಡಿನ ಶೆಡ್ಡು, ಮೇಲೆ ಶುಭ್ರ ಆಕಾಶ. ಮೊದಲ ಅಪಶಕುನ. ಒಳಗೆ ಒಂದು ಕಡೆ ತಗಡು ಬಗ್ಗಿಸುತ್ತಿದ್ದರು, ಇನ್ನೊಂದು ಕಡೆ ವೆಲ್ಡಿಂಗಿನ ಬೆಳಕು, ನಡುವೆ ಒಲೆಗಳು ಪ್ರಾರ್ಥನೆಗೆ ನಿಂತ ಸಾಲೆ ಹುಡುಗರಂತೆ ಎತ್ತರದ ಪ್ರಕಾರ ನಿಂತಿದ್ದವು. ಮುಂದೆ ನೀರಿನ ಕೊಡದಷ್ಟು ಚಿಕ್ಕವು, ಹಿಂದೆ ಖಾನಾವಳಿಯ ಒಲೆಗಳು, ಎಮ್ಮೆಯಷ್ಟು ದೊಡ್ಡವು. ಕರುವಿನಷ್ಟು ಅಂತ ಇಟ್ಟುಕೊಳ್ಳಿ, ನಾನು ಯಾರಿಗೂ ಮೋಸ ಮಾಡುವುದಿಲ್ಲ. ಮಾಲೀಕರು ಓಡಿ ಬಂದು ಆಯಿಗೆ ಕುರ್ಚಿ ಹಾಕಿದರು.

"ಬರ್ರಿ ಅವ್ವಾರ, ಇದನ್ನ ನೋಡ್ರಿ. ಗಾಳಿ ಕೆಳಗಿಂದ ತಾನ ಎಳಕೋತೈತಿ. ಊದೂದು ಬ್ಯಾಡ, ಕೆದಕೂದು ಬ್ಯಾಡ. ನಾಕು ಕಟಿಗಿ ಹಾಕ್ರಿ, ಆರಾಮ ಮಾತಾಡ್ಕೋತ ಕುಂದರ್ರಿ."

ಈ ಮನುಷ್ಯನಿಗೆ ನನ್ನ ಜಾತಕ ಯಾರು ಕೊಟ್ಟರೋ! ನಾನು ಮುಂದೆ ಬಂದೆ. "ಕಾಕಾ, ಹೊಗಿ ಬರದಿದ್ರ ಸೊಳ್ಳಿ ಹೆಂಗ ಹೋಗ್ತಾವ್ರಿ?"

"ಸೊಳ್ಳಿ ಹೋಗಾಕ ಒಲಿ ಯಾಕೋ ತಮ್ಮಾ?"

"ರೊಟ್ಟಿಗೆ ಹೊಗಿ ವಾಸನಿ ಇರಲಿಲ್ಲಂದ್ರ ನಮ್ಮ ಮನ್ಯಾಗ ಯಾರಿಗೂ ಊಟ ಸೇರೂದಿಲ್ರಿ."

ಅಪ್ಪ ನನ್ನನ್ನು ಟ್ರ್ಯಾಕ್ಟರ್ ನೋಡುವಂತೆ ನೋಡಿದ. "ಲೇ ಬಸ್ಯಾ, ನಿನಗ್ಯಾಕ ಇಷ್ಟು ಒಲಿ ಕಾಳಜಿ? ನಾಳಿಂದ ನೀನ ರೊಟ್ಟಿ ಬಡಿತಿಯೇನ?"

ಬಾಗಿಲಿನಿಂದ ಸೋಲು ಬಂದರೆ ಬುದ್ಧಿವಂತರು ಹಿತ್ತಲಿನಿಂದ ಹೋಗುತ್ತಾರೆ. ಮೂಲೆಯಲ್ಲಿ, ಗೋಣಿಚೀಲದ ಹಿಂದೆ, ಮೈಯೆಲ್ಲ ಮಸಿಯಾದ ಒಂದು ಒಲೆ ಮುಖ ಗೋಡೆಗೆ ಮಾಡಿಕೊಂಡು ಕೂತಿತ್ತು. ಅದರ ಮುಖದಲ್ಲೇ ಗೊತ್ತಾಗುತ್ತಿತ್ತು, ಇದನ್ನು ಊದದೆ ವಿಧಿ ಇಲ್ಲ ಎಂದು. ಮೊದಲ ನೋಟಕ್ಕೇ ನಾವಿಬ್ಬರೂ ಒಬ್ಬರಿಗೊಬ್ಬರು ಅರ್ಥವಾದೆವು. "ಅಪ್ಪಾ, ಇದು ನೋಡು, ಎಷ್ಟು ಗಟ್ಟಿ ಐತಿ! ಎಂಥಾ ಬಣ್ಣ! ಆಯಿ, ಇದನ್ನ ತಗೋ" ಎಂದು ಹೊಗಳಲು ಶುರು ಮಾಡಿದೆ. ಕೆಲಸದವರು ಸುತ್ತಿಗೆ ನಿಲ್ಲಿಸಿ ನನ್ನನ್ನು ನೋಡಿದರು. ಮಾಲೀಕರು ಕೆಮ್ಮಿ, ದನಿ ತಗ್ಗಿಸಿ ಹೇಳಿದರು: "ತಮ್ಮಾ, ಅದು ಕೆಟ್ಟು ವಾಪಸ್ ಬಂದದ್ದೋ. ಹೊಗಿ ಕಾರತೈತಿ ಅಂತ ಹಳ್ಳಿ ಮಂದಿ ತಂದು ಒಗದು ಹೋಗ್ಯಾರ." ಇಡೀ ಫ್ಯಾಕ್ಟರಿಯಲ್ಲಿ ನಾನು ಮೆಚ್ಚಿದ್ದು ಅದೊಂದೇ ಒಲೆ. ಅದಕ್ಕೂ ಗೆಳೆಯರಿಲ್ಲ ಅಂತ ಆಮೇಲೆ ಅನ್ನಿಸಿತು.

ಅಷ್ಟರಲ್ಲಿ ಆಯಿ ಕುರ್ಚಿ ಬಿಟ್ಟು ಮಾಲೀಕರು ತೋರಿಸಿದ ಒಲೆಯ ಮುಂದೆ ನೆಲಕ್ಕೆ ಕೂತು ಚೀಲ ಬಿಚ್ಚಿದ್ದಳು. "ಹಚ್ಚು" ಅಂದಳು. ಹಚ್ಚಿದರು. ಹಂಚು ಏರಿಸಿದಳು, ಅದು ಅಲುಗಾಡದೆ ಕೂತಿತು. ಒಂದು ತಗಡಿನ ತುಂಡಿನ ಮೇಲೆ ಹಿಟ್ಟು ನಾದಿ, ಟಪಟಪ ರೊಟ್ಟಿ ಬಡಿದು ಹಂಚಿಗೆ ಹಾಕಿ, ರೂಢಿಯಂತೆ ಊದುಗೊಳವೆ ಎತ್ತಿ ಬಾಯಿಗಿಟ್ಟಳು. ಮಾಲೀಕರು, "ಅವ್ವಾರ, ಇದಕ್ಕ ಊದೂದು ಬ್ಯಾಡ್ರಿ" ಎಂದು ಎರಡೂ ಕೈ ಅಡ್ಡ ಹಿಡಿದರು. ಆಯಿ ಊದುಗೊಳವೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಉರಿ ನೋಡುತ್ತಾ ಕೂತಳು, ಬಸ್ಸಿನಲ್ಲಿ ಬೇರೆಯವರ ಕೂಸನ್ನು ಹಿಡಿದುಕೊಂಡವಳಂತೆ. ರೊಟ್ಟಿ ಪೂರಿಯ ಹಾಗೆ ಉಬ್ಬಿತು. ಆಯಿ ಮುರಿದು ಎಲ್ಲರಿಗೂ ಒಂದೊಂದು ಚೂರು ಕೊಟ್ಟಳು, ವೆಲ್ಡಿಂಗಿನವನಿಗೂ. ನಾನು ತಪ್ಪು ಹುಡುಕುತ್ತಾ ತಿಂದೆ. ರೊಟ್ಟಿಯಲ್ಲಿ ಏನೂ ಸಿಗಲಿಲ್ಲ. ಒಂದು ವಿಷಯ ಮಾತ್ರ ನನಗೆ ಬೇಡವೆಂದರೂ ಕಿವಿಗೆ ಬಿತ್ತು. ಆಯಿ ಆ ರೊಟ್ಟಿ ಬೇಯುವಷ್ಟು ಹೊತ್ತು ಒಂದು ಸಲವೂ ಕೆಮ್ಮಿರಲಿಲ್ಲ. ಅದಾದ ಮೇಲೆ ನಾನು ಸೊಳ್ಳೆಯ ಮಾತು ಎತ್ತಲಿಲ್ಲ.

"ಇದ ಇರಲಿ" ಅಂದಳು ಆಯಿ.

ಮರುದಿನವೇ ಅಪ್ಪ ಸಲಿಕೆ ತೆಗೆದುಕೊಂಡು ಮಣ್ಣಿನ ಒಲೆ ಒಡೆದ. ಅವ್ವ ಊದುಗೊಳವೆಯನ್ನು ಗುಜರಿಯವನಿಗೆ ಹಾಕಲು ತೆಗೆದಿಟ್ಟಳು. ಸಂಜೆ ಹೊಸ ಒಲೆಯ ಮುಂದೆ ಆಯಿ ಒಂದು ಕಡೆ, ನಾನು ಒಂದು ಕಡೆ. ಹೊಗೆ ಇಲ್ಲದ್ದರಿಂದ ಅವಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಮುಖವೂ ಅವಳಿಗೆ ಹಾಗೇ ಕಾಣುತ್ತಿದೆ ಎಂದು ಹೊಳೆದು ಸ್ವಲ್ಪ ಹಿಂದೆ ಸರಿದೆ. ಆವತ್ತು ಬಸ್ಸಿನಲ್ಲಿ ಒಬ್ಬ ಮುದುಕ ಬುಟ್ಟಿಯಲ್ಲಿ ಕೋಳಿ ತಂದಿದ್ದ. ಅಷ್ಟು ಸಾಮಾನು ನನಗೆ ಧಾರಾಳ. ದಾರಿಯುದ್ದಕ್ಕೂ ಮೇಯಿಸಿ ಮೇಯಿಸಿ, ಮನೆ ಮುಟ್ಟುವಷ್ಟರಲ್ಲಿ ಅದನ್ನು ಟಗರು ಮಾಡಿದ್ದೆ.

"ಆಯಿ, ಇವತ್ತ ಏನಾತು ಗೊತ್ತೇನ? ನಾನೂ ಮಂಜ್ಯಾನೂ ಹಿಂದಿನ ಸೀಟಿನ್ಯಾಗ ಕುಂತಿದ್ವಿ. ಒಂದು ಟಗರು ಬಸ್ ಹತ್ತಿತು ನೋಡು..."

"ಮಂಜ್ಯಾ ರಜಾ ಹಾಕಿ ಬಂದಿದ್ನೇನ?" ಎಂದಳು ಆಯಿ, ರೊಟ್ಟಿ ತಿರುವುತ್ತಾ.

ನಾನು ಒಲೆ ನೋಡಿದೆ. ಒಲೆ ತನಗೇನೂ ಸಂಬಂಧವಿಲ್ಲವೆಂಬಂತೆ ಉರಿಯುತ್ತಿತ್ತು.

"ಅವಾ ಹುಬ್ಬಳ್ಳ್ಯಾಗ ಗ್ಯಾರೇಜಿನ್ಯಾಗ ಅದಾನಂತಲ್ಲೋ. ಅವರವ್ವ ಗಿರಣ್ಯಾಗ ಸಿಕ್ಕಾಗ ಹೇಳಿದ್ಲು."

"ಯಾವಾಗ?"

"ಯುಗಾದಿ ಆದಮ್ಯಾಲ."

ಯುಗಾದಿ ಆದ ಮೇಲೆ ಅಂದರೆ! ಆಮೇಲೆ ನಾನು ಮಂಜ್ಯಾನನ್ನು ಎಷ್ಟು ಸಲ ಬಾವಿಗೆ ಬೀಳಿಸಿ ಎತ್ತಿದ್ದೆ, ಪ್ರಿನ್ಸಿಪಾಲರ ಮುಂದೆ ಎಷ್ಟು ಸಲ ಅವನನ್ನು ಬಚಾವು ಮಾಡಿದ್ದೆ. ಎಲ್ಲವನ್ನೂ ಗೊತ್ತಿದ್ದೇ ಕೇಳಿದ್ದಳು. ಹಳೆಯ ಒಲೆ ನೆನಪಾಯಿತು. ಎಷ್ಟೋ ಸಂಜೆ ಅದು ಊದುವ ಅಗತ್ಯವೇ ಇಲ್ಲದಷ್ಟು ಚೆನ್ನಾಗಿ ಉರಿಯುತ್ತಿತ್ತು. ಆಗಲೂ ಊದುಗೊಳವೆ ಆಯಿಯ ಬಾಯಲ್ಲೇ ಇರುತ್ತಿತ್ತು.

"ಹಂಗಾರ ಬಸ್ಸಿನ್ಯಾಗ ಯಾರ ಬಾಜೂ ಕುಂದರ್ತಿ ನೀ?" ಎಂದಳು.

ಬ್ಯಾಗಿನ ಬಾಜು ಎಂದು ಹೇಳಲು ಬಾಯಿ ತೆರೆದೆ. ಎಂಟು ಊರಿನ ಮಾತು ಇಟ್ಟುಕೊಂಡವನು ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದೆ. ಹೊಗೆಯಿದ್ದಿದ್ದರೆ ಕಣ್ಣನ್ನಾದರೂ ಒರೆಸಿಕೊಳ್ಳಬಹುದಿತ್ತು. ಈ ಫ್ಯಾಕ್ಟರಿಯವರು ಅದಕ್ಕೂ ಕಲ್ಲು ಹಾಕಿದ್ದಾರೆ.

ಆಯಿ ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿದಳು. ಗುಜರಿಗೆ ಹೋಗಬೇಕಾಗಿದ್ದ ಊದುಗೊಳವೆ ಅಲ್ಲಿತ್ತು. ಸೆರಗಿನಿಂದ ಒರೆಸಿ, ಬಾಯಿಗಿಟ್ಟು, ಭಗಭಗ ಉರಿಯುತ್ತಿದ್ದ ಆ ಒಲೆಗೆ ಕೆನ್ನೆ ಉಬ್ಬಿಸಿ ಊದಿದಳು. ಊದುತ್ತಲೇ ನನ್ನ ಕಡೆ ಹುಬ್ಬು ಎತ್ತಿದಳು. ಹೂಂ, ಮುಂದ?

"ಮುಂದ... ಟಗರು ಸೀದಾ ಹೋಗಿ ಕಂಡಕ್ಟರ್ ಸೀಟಿನ್ಯಾಗ ಕುಂತಿತು, ಆಯಿ" ಅಂದೆ.

ಬೂದಿ ಹಾರಿತು, ಉರಿ ಮೇಲೆದ್ದಿತು, ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕರ್ರಗೆ ಸೀದು ಹೋಯಿತು. ಅದು ನನ್ನ ತಾಟಿಗೇ ಬಂತು, ನ್ಯಾಯ ಇರುವುದೇ ಹಾಗೆ. ಸೀದ ಕಡೆಯಿಂದ ತಿನ್ನುತ್ತಾ ಕತೆ ಮುಂದುವರಿಸಿದೆ. ನವಲಗುಂದ ಸ್ಟ್ಯಾಂಡಿನಲ್ಲಿ ಮಂಜ್ಯಾನನ್ನು ಹುಬ್ಬಳ್ಳಿ ಬಸ್ಸು ಹತ್ತಿಸಿ, ಕಿಟಕಿಯಲ್ಲಿ ಕೈ ಬೀಸಿಸಿ, ಅಲ್ಲಿಂದ ಊರಿನವರೆಗೆ ನಾನೊಬ್ಬನೇ ಟಗರಿನ ಬಾಜು ಕೂತು ಬಂದೆ. ಆಯಿ ಜೋರಾಗಿ ಊದಿದಳು, ಕಿಡಿ ಹಾರಿತು. ಟಗರನ್ನು ಮಾತ್ರ ಕೋಳಿ ಮಾಡಲಿಲ್ಲ. ಒಂದೇ ಸಂಜೆಗೆ ಅಷ್ಟೊಂದು ನಿಜ ನನ್ನ ಮೈಗೆ ಆಗಿಬರುವುದಿಲ್ಲ.